ನಜ್ಮಿಯ ಕೋಟೆ

ಮೂರು ವರ್ಷ ನನ್ನ ಅಣ್ಣ ನಜ್ಮಿಯ ನಕ್ಷೆಗಳಿಗೆ ಮಸಿ, ಬಣ್ಣ ಹಾಕಿದವಳು ನಾನು. ಗುರುವಾರ ಮಧ್ಯಾಹ್ನ ಅವನು ಕೊಲ್ಲಿಯಾಚೆಯ ಸೈನಿಕ ಶಾಲೆಯಿಂದ ದೋಣಿಯಲ್ಲಿ ಎಯುಪ್‌ನ ನಮ್ಮ ಮನೆಗೆ ಬರುವಾಗ ಕಂಕುಳಲ್ಲೊಂದು ಹಲಗೆ ಇರುತ್ತಿತ್ತು. ಅದಕ್ಕೆ ಒದ್ದೆ ಮಾಡಿ ಅಂಟಿಸಿದ ಕಾಗದ ಒಣಗಿ ತಮಟೆಯಂತೆ ಬಿಗಿದಿರುತ್ತಿತ್ತು. ಪೆನ್ಸಿಲ್ ಗೆರೆಗಳನ್ನು ಅವನೇ ಹೇಗೋ ಎಳೆದು ತರುತ್ತಿದ್ದ. ಶುಕ್ರವಾರ ಬೆಳಿಗ್ಗೆ ನಾನು ಕಿಟಕಿಯ ಬಳಿ ಮಸಿ ತೇಯುವಾಗ ಅವನು ದಿವಾನದ ಮೇಲೆ ಗೊರಕೆ ಹೊಡೆಯುತ್ತಿದ್ದ.

ಅಪ್ಪ ಪುಸ್ತಕಗಳ ಅಂಚಿಗೆ ಚಿನ್ನದ ಗೆರೆ ಎಳೆಯುತ್ತಿದ್ದವರು. ಅವರ ಕಣ್ಣು ಮಂಜಾದಾಗ ನನ್ನನ್ನು ಶಾಲೆ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಆಗ ನನಗೆ ಒಂಬತ್ತು. ಅಪ್ಪ ಹೋದ ಮೇಲೆ, ಅವರು ಪಳಗಿಸಿದ ನನ್ನ ಕೈಯನ್ನು ನಜ್ಮಿ ತನ್ನದು ಮಾಡಿಕೊಂಡ. ಬದಲಿಗೆ ಒಂದು ಮಾತು ಕೊಟ್ಟಿದ್ದ: "ಈ ಮನೆ ಗಂಡಸು ನಾನು, ಬೆಹಿಜೆ. ನೀನು ಒಲ್ಲೆ ಅಂದ ಮನೆಗೆ ನಿನ್ನನ್ನ ಕೊಡಲ್ಲ."

ಶಾಲೆಯ ಕೊನೆಯ ವರ್ಷ, ಚೆರಿಹಣ್ಣಿನ ಕಾಲದಲ್ಲಿ, ಒಂದು ವಾರ ರಜೆ ಹಾಕಿ ಬಂದ. ಮುಖ ಬಿಳುಚಿತ್ತು.

"ಈ ಸಲ ನಕ್ಷೆ ಪರೀಕ್ಷೆ ಅಲ್ಲೇ ಅಂತೆ, ಸಭಾಂಗಣದಲ್ಲಿ. ಎಲ್ಲರ ಕಣ್ಣೆದುರು ಕೋಟೆ ಬರೀಬೇಕು. ಫೇಲಾದ್ರೆ ಕತ್ತಿ ಇಲ್ಲ, ಅಧಿಕಾರಿ ಪದವಿ ಇಲ್ಲ. ಸಾರ್ಜೆಂಟ್ ಮಾಡಿ ಯೆಮನ್‌ಗೆ ಅಟ್ತಾರೆ. ಅಲ್ಲಿಂದ ಯಾರು ವಾಪಸ್ ಬಂದಿದಾರೆ ಹೇಳು? ಕಲಿಸೇ ಮೂಗಿ, ನಿನ್ನ ಕಾಲಿಗೆ ಬೀಳ್ತೀನಿ."

"ಇನ್ನೊಂದು ವಿಷಯಾನೂ ಹೇಳಿಬಿಡೋ," ಎಂದರು ಅಮ್ಮ.

ಅವನು ಚೆರಿಯ ಬೀಜ ಉಗಿದ. "ಕಾಶಿಫ್ ಎಫೆಂದಿಗೆ ಮಾತು ಕೊಟ್ಟಿದೀನಿ."

ಎಫೆಂದಿ ಎಂದು ಎಲ್ಲರೂ ಗೌರವದಿಂದ ಕರೆಯುವ ಈ ಕಾಶಿಫ್ ಶಸ್ತ್ರಾಗಾರದ ಹಿರಿಯ ಗುಮಾಸ್ತ. ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನು. ಎರಡನೆಯವಳ ಹಲ್ಲು ಹೇಗೆ ಮುರಿಯಿತೆಂದು ಸ್ನಾನಗೃಹದಲ್ಲಿ ಹೆಂಗಸರು ಮಾತಾಡಿಕೊಂಡದ್ದನ್ನು ನಾನು ಕೇಳಿದ್ದೆ.

"ನೀನು ಮಾತು ಕೊಟ್ಟಿದ್ದು ನನಗೆ," ಎಂದೆ.

"ಅಯ್ಯೋ, ಮೂಗಿಗೂ ಮಾತು ಬಂತಲ್ಲಮ್ಮಾ!" ನಕ್ಕ. "ನನಗೆ ರಾಜಧಾನೀಲೇ ಕೆಲಸ ಕೊಡಿಸ್ತಾನೆ ಕಣೇ. ನಿನ್ನನ್ನ ಕೇಳ್ಕೊಂಡು ಬೇರೆ ಯಾರು ಬಾಗಿಲು ತಟ್ಟಿದಾರೆ? ಆ ಕೈ ಒಂದು ಬಿಟ್ರೆ ನಿನ್ನಲ್ಲಿ ಇನ್ನೇನಿದೆ?"

ಅಮ್ಮ ಚೆರಿಯ ತಟ್ಟೆಯನ್ನು ಅವನ ಹತ್ತಿರ ಸರಿಸಿದರು. ನಾನು ಎದ್ದು ಹೋಗಿ ಮಸಿಯ ಬಟ್ಟಲು ತೊಳೆದು ತಂದೆ.

ಏಳು ದಿನ ಕಲಿಸಿದೆ. ಹಲಗೆಯನ್ನು ಎಷ್ಟು ಓರೆ ಇಡಬೇಕು, ಮಸಿಯ ಹನಿಯನ್ನು ಎಲ್ಲೂ ನಿಲ್ಲಿಸದೆ ಮೇಲಿನಿಂದ ಕೆಳಗೆ ಹೇಗೆ ಇಳಿಸಬೇಕು, ಕೊನೆಗೆ ಒಣ ಕುಂಚದಿಂದ ಹೇಗೆ ಹೀರಬೇಕು. ಮೊದಲ ನಾಲ್ಕು ದಿನ ಮಸಿ ಪಟ್ಟೆ ಪಟ್ಟೆಯಾಗಿ ಬೆಕ್ಕಿನ ಮೈಯಂತೆ ಬಂತು. ಐದನೆಯ ದಿನ ಅವನ ಕೈ ಹದಕ್ಕೆ ಬಂತು. ಅಪ್ಪನ ಕೈ ಅವನೊಳಗೂ ಇತ್ತು. ಅದು ನನಗೆ ಇಷ್ಟವಾಗಲಿಲ್ಲ.

ಏಳನೆಯ ದಿನ ಕೋಟೆಗೆ ನೆರಳು ಹಾಕಲು ಕುಳಿತಾಗ ಕೇಳಿದ: "ಬೆಳಕು ಎಡಗಡೆ ಮೇಲಿಂದ ತಾನೆ? ಹುಲೂಸಿ ಬೇ ಹಂಗೇ ಹೇಳಿದ ನೆನಪು."

ಹುಲೂಸಿ ಬೇ ಅವನ ನಕ್ಷೆಯ ಮೇಷ್ಟ್ರು. ಅವರು ಹೇಳಿದ್ದು ಸರಿ. ಯಾವ ನಕ್ಷೆಗಾದರೂ ಬೆಳಕು ಎಡದಿಂದಲೇ. ಬಲದಿಂದ ಬಿದ್ದರೆ ನೋಡುವವನ ಕಣ್ಣಿಗೆ ಕಂದಕ ಗೋಡೆಯಾಗಿ ಎದ್ದು ನಿಲ್ಲುತ್ತದೆ, ಗೋಡೆ ಕಂದಕವಾಗಿ ಕುಸಿಯುತ್ತದೆ.

"ಅದು ಮನೆ, ಸೇತುವೆಗೆ," ಎಂದೆ. "ಕೋಟೆಗೆ ಬಲದಿಂದ."

"ಹೌದಾ? ನಿನ್ನ ಹಳೇ ಹಾಳೆಗಳಲ್ಲಿ..."

"ಅವು ಬರೀ ಬಿಡಿ ಭಾಗಗಳು. ಇಡೀ ಕೋಟೆ ನೀನು ಯಾವಾಗ ತಂದಿದ್ದೆ?"

ತಂದಿರಲಿಲ್ಲ. ತಲೆಯಾಡಿಸಿ ಕುಂಚ ಅದ್ದಿದ. "ನೀನು ಹೇಳಿದ್ಮೇಲೆ ಮುಗೀತು," ಎಂದ.

ಪರೀಕ್ಷೆಯ ದಿನ ಇಳಿಮಧ್ಯಾಹ್ನ, ಮೂರನೆಯ ನಮಾಜಿನ ಹೊತ್ತಿಗೆ ಮರಳಿದ. ಹಾಳೆಯನ್ನು ಸುರುಳಿ ಸುತ್ತಿ ಅವನ ಕೈಗೇ ಕೊಟ್ಟು ಕಳಿಸಿದ್ದರು.

"ಎಲ್ಲರೂ ಕೇಳೋ ಹಾಗೆ ಹೇಳಿದ್ರು ಹುಲೂಸಿ ಬೇ," ಎಂದ. "'ಬನ್ನಿ ಮಹನೀಯರೇ, ನಜ್ಮಿ ಎಫೆಂದಿಯ ಕೋಟೆ ನೋಡಿ. ಇವನ ಸಿಪಾಯಿಗಳು ಏಣಿ ಹಾಕಿ ಕಂದಕ ಹತ್ತಬೇಕು, ಈಜಿಕೊಂಡು ಗೋಡೆ ದಾಟಬೇಕು.' ಇಡೀ ತರಗತಿ ನಕ್ಕಿತು. ಶಾಲೆಯ ಮುಖ್ಯಸ್ಥ ಪಾಷಾ ಕೂಡ ನಕ್ಕ."

ಅಮ್ಮ ಎದೆ ಬಡಿದುಕೊಂಡರು. ಅವನು ನನ್ನ ಕಡೆ ತಿರುಗಿದ. ಸಿಟ್ಟಿಗಾಗಿ ಕಾಯುತ್ತಿದ್ದೆ. ಅವನ ಕಣ್ಣಲ್ಲಿ ಅದು ಇರಲಿಲ್ಲ.

"ನೀನು ಎಡದಿಂದ ಅಂದಿದ್ದೆ, ಅಲ್ವಾ? ಅಲ್ಲಿ ಕೂತಾಗ ತಲೆಯೆಲ್ಲ ಕಲಸಿಹೋಯ್ತು. ಬಲ ಅಂತಲೇ ನೆನಪಾಯ್ತು ನನಗೆ."

"ಹೌದು," ಎಂದೆ. "ಎಡದಿಂದ ಅಂದಿದ್ದೆ."

"ನಾನೇ ಕತ್ತೆ," ಎಂದು ಹಣೆಗೆ ಹೊಡೆದುಕೊಂಡ. "ನೀನು ಏಳು ದಿನ ಕೂತು ಕಲಿಸಿದ್ದೆ ಪಾಪ."

ಅಮ್ಮ ಕಣ್ಣೊರೆಸಿಕೊಂಡು ಮೊದಲು ಹೇಳಿದ ಮಾತು ನನ್ನ ಮದುವೆಯದು. "ಯೆಮನ್ ಹಡಗು ಹತ್ತೋ ಮುಂಚೆ ಇವಳನ್ನ ದಾಟಿಸಿಬಿಡು ಮಗಾ. ಗಂಡು ದಿಕ್ಕಿಲ್ಲದ ಮನೇಲಿ ಇವಳನ್ನ ಹೇಗೆ ಇಟ್ಕೊಳ್ಳಲಿ? ಕಾಶಿಫ್ ಎಫೆಂದಿ ಈಗಲೂ ಒಪ್ಪಿದ್ರೆ ಅದೇ ನಮ್ಮ ಪುಣ್ಯ."

ನಜ್ಮಿ ಸರಿ ಎಂದ. ಆಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಬಿಡಿಸಿದ. ಮಸಿ ಒಂದೇ ಉಸಿರಿನಲ್ಲಿ ಇಳಿದಂತಿತ್ತು, ಎಲ್ಲೂ ಕಲೆಯಿಲ್ಲ, ತಡೆಯಿಲ್ಲ. ನನ್ನ ಮೂರು ವರ್ಷದ ಯಾವ ಹಾಳೆಯೂ ಅಷ್ಟು ಶುದ್ಧವಾಗಿ ಬಂದಿರಲಿಲ್ಲ.

"ನೆರಳು ತಪ್ಪಿರಬಹುದು," ಎಂದ ಮೆಲ್ಲಗೆ. "ಆದ್ರೆ ಕೈ ಕೆಲಸ? ಅದು ಚೆನ್ನಾಗಿ ಬಂದಿದೆ, ಅಲ್ವಾ ಬೆಹಿಜೆ? ನಿಜ ಹೇಳು."

ನಾನು ಹತ್ತಿರ ಹೋಗಿ, ಬಾಗಿ, ಸಾವಕಾಶವಾಗಿ ನೋಡಿದೆ.

"ಪಟ್ಟೆ ಪಟ್ಟೆ ಬಂದಿದೆ," ಎಂದೆ.