ಮಲಗಿದವರೆಲ್ಲ ಒಪ್ಪಿದ ಹಾಗೆ

ಆ ಹಾಸಿಗೆ ಕಾರ್ಖಾನೆಗೆ ಮಾಲೀಕರಿರಲಿಲ್ಲ. ಇದ್ದವರು ಸಂಬಳ ಕೊಡಲಾಗದೆ ಕಾರ್ಖಾನೆಯನ್ನೇ ಕೆಲಸದವರ ಹೆಸರಿಗೆ ಬರೆದುಕೊಟ್ಟು ಕೈ ತೊಳೆದುಕೊಂಡಿದ್ದರು. ಅಂದಿನಿಂದ ಅಲ್ಲಿ ಯಾರಿಗೂ ಯಾರೂ ಯಜಮಾನರಲ್ಲ. ಹತ್ತಿ ಹಿಂಜುವ ತಾತ, ಬಟ್ಟೆ ಕತ್ತರಿಸುವ ಉದ್ದಣ್ಣ, ಹತ್ತಿ ತುಂಬುವ ಚಿಕ್ಕಮ್ಮ, ಅಂಚು ಹೊಲಿಯುವ ಸೂಜಿಯಕ್ಕ, ಗಾಡಿ ತಳ್ಳುವ ಅಣ್ಣತಮ್ಮಂದಿರು, ಎಲ್ಲರೂ ಸಮ. ಬಂದ ಲಾಭವನ್ನೂ ಹಂಚಿಕೊಳ್ಳುತ್ತಿದ್ದರು, ಗಿರಾಕಿಗಳ ಬೈಗುಳವನ್ನೂ ಹಂಚಿಕೊಳ್ಳುತ್ತಿದ್ದರು.

ಏನೇ ಮಾಡಬೇಕಾದರೂ ಎಲ್ಲರೂ ಒಪ್ಪಬೇಕು. ಅದಕ್ಕೆ ಮಧ್ಯಾಹ್ನ ಊಟವಾದ ಮೇಲೆ ಸಭೆ. ಕುರ್ಚಿ ಇದ್ದರೆ ಒಬ್ಬರದು ಎತ್ತರ, ಒಬ್ಬರದು ತಗ್ಗು ಆಗುತ್ತದೆಂದು ಕುರ್ಚಿಗಳನ್ನೆಲ್ಲ ಮಾರಿಬಿಟ್ಟಿದ್ದರು. ಹೊಸ ಹಾಸಿಗೆಗಳ ಮೇಲೆ ಹೇಗೂ ಯಾರಾದರೂ ಮಲಗಿ ನೋಡಲೇಬೇಕಲ್ಲ, ಎರಡೂ ಕೆಲಸ ಒಟ್ಟಿಗೇ ಆಗಲಿ ಎಂದು ಸಭೆಯನ್ನು ಮಲಗಿಕೊಂಡೇ ನಡೆಸುತ್ತಿದ್ದರು. ಒಬ್ಬರು ತಮ್ಮ ಮಾತು ಪೂರ್ತಿ ಹೇಳಿ ಮುಗಿಸುವವರೆಗೂ ಉಳಿದವರು ಏಳುವಂತಿಲ್ಲ. ಮುಗಿದ ಮೇಲೆ, ಬೇಡ ಅನ್ನುವವರು ಎದ್ದು ಕೂರಬೇಕು. ಒಬ್ಬರೇ ಎದ್ದು ಕೂತರೂ ಆ ಮಾತು ಬಿದ್ದುಹೋಯಿತು. ಮಲಗಿದ್ದವರೆಲ್ಲ ಒಪ್ಪಿದ ಹಾಗೆ. ನಿದ್ದೆ ಹೋದವರು? ಅವರೂ ಮಲಗಿಯೇ ಇದ್ದಾರಲ್ಲ, ಒಪ್ಪಿದ ಹಾಗೆಯೇ. ಈ ನಿಯಮ ಮಾಡಿದ ದಿನ ಮುಕ್ಕಾಲು ಜನ ಗೊರಕೆ ಹೊಡೆಯುತ್ತಿದ್ದರು. ಹಾಗಾಗಿ ಅದು ಸರ್ವಾನುಮತದಿಂದ ಪಾಸಾಗಿತ್ತು.

ಹಿಂದೊಮ್ಮೆ ಸರ್ಕಾರದ ಇಲಾಖೆಯವರೊಬ್ಬರು ಬಂದು, ಜನರ ಕಾರ್ಖಾನೆ ಜನರದ್ದೇ ಆಗಬೇಕು, ಅಂದರೆ ಇಲಾಖೆಯದಾಗಬೇಕು ಎಂದು ವಿವರಿಸಿದ್ದರು. ಇನ್ನು ಮುಂದೆ ದೇಶಕ್ಕೆಲ್ಲ ಒಂದೇ ಅಳತೆಯ ಹಾಸಿಗೆ. ಅಳತೆ ಹೇಳಿ ಮಾತು ಮುಗಿಸಿದ್ದೇ ತಡ, ಉದ್ದಣ್ಣ ಎದ್ದು ಕೂತ.

"ಮೊಣಕಾಲವರೆಗೂ ಸರಿಹೋಯ್ತು ಸ್ವಾಮಿ. ಅದರಿಂದ ಕೆಳಗೆ ಯಾವ ಇಲಾಖೆಗೆ ಬರುತ್ತೆ?"

ಇಲಾಖೆಯವರು ಹೊರಟುಹೋದರು.

ಈ ಸಲ ಬಂದವರು ಪೇಟೆಯ ದೊಡ್ಡ ಹಾಸಿಗೆ ಅಂಗಡಿಯ ಸಾಹುಕಾರರು. ಕಾರ್ಖಾನೆ ಕೊಂಡುಕೊಳ್ಳುತ್ತೇನೆ, ನನ್ನ ಹತ್ತಿರವಿರುವ ಹತ್ತಿ ತುಂಬುವ ಯಂತ್ರ ಹಾಕಿಸುತ್ತೇನೆ, ಗೇಟಿಗೆ ಬೀಗ ಹಾಕಿಸಿ ಬೆಳಿಗ್ಗೆಯಿಂದ ಸಂಜೆವರೆಗೆ ಶಿಸ್ತು ತರುತ್ತೇನೆ ಎಂದು ಬಾಗಿಲಲ್ಲೇ ಹೇಳಿದರು. ಯಂತ್ರ ಎಂದಾಗ ಚಿಕ್ಕಮ್ಮ ತನ್ನ ಸೊಂಟ ನೀವಿಕೊಂಡಳು. ಬೀಗ ಎಂದಾಗ ಸೂಜಿಯಕ್ಕ ಗೇಟಿನತ್ತ ತಿರುಗಿ ನೋಡಿದಳು.

ಹಳೆಯ ಮಾಲೀಕರ ಕಾಲದಲ್ಲೂ ಗೇಟಿಗೆ ಬೀಗವಿತ್ತು. ಶಾಲೆ ಬಿಟ್ಟ ಮೇಲೆ ಅವಳ ಮಗಳು ಸಂಜೆಯಾಗುವವರೆಗೂ ಶಾಲೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು, ಹೋಗಿಬರುವ ನಾಯಿಗಳಿಗೆಲ್ಲ ಪಾಠ ಹೇಳುತ್ತಿದ್ದಳು. ಈಗ ಹಾಗಿಲ್ಲ. ಗಂಟೆ ಹೊಡೆಯುವ ಹೊತ್ತಿಗೆ ಸೂಜಿಯಕ್ಕ ಸೂಜಿಯನ್ನು ಹಾಸಿಗೆಗೆ ಚುಚ್ಚಿಟ್ಟು, ಓಡಿಹೋಗಿ ಮಗಳನ್ನು ಕರೆತರುತ್ತಾಳೆ. ಮಗು ಹತ್ತಿಯ ಮೂಟೆ ಏರಿ ಅಲ್ಲಿಂದ ತಾತನಿಗೆ ಮಗ್ಗಿ ಒಪ್ಪಿಸುತ್ತದೆ.

ಹಾಗಾದರೆ ಎದ್ದು ಕೂತರಾಯಿತಲ್ಲ ಅನ್ನಬಹುದು. ತೊಂದರೆ ಇದ್ದದ್ದು ಅಲ್ಲೇ. ಕತ್ತಲಿರುವಾಗಲೇ ಎದ್ದು ಮನೆಗೆಲಸ ಮುಗಿಸಿ ಬರುತ್ತಿದ್ದ ಸೂಜಿಯಕ್ಕನಿಗೆ ಊಟವಾಗಿ ತಲೆ ದಿಂಬಿಗೆ ತಾಗಿದರೆ ಸಾಕು, ಕಣ್ಣು ಮುಚ್ಚಿದಂತೆಯೇ. ಇದುವರೆಗೆ ಒಂದು ಸಭೆಯನ್ನೂ ಅವಳು ಪೂರ್ತಿ ಕೇಳಿದ್ದಿಲ್ಲ. ಬಾಗಿಲಿಗೆ ಹಳದಿ ಬಣ್ಣ ಬಳಿಯುವುದಕ್ಕೂ, ಚರಂಡಿಯನ್ನು ಸದಾಕಾಲ ತಾನೇ ತೊಳೆಯುವುದಕ್ಕೂ ಅವಳು ಹೀಗೆ ನಿದ್ದೆಯಲ್ಲೇ ಒಪ್ಪಿದ್ದಳು.

ಸಾಹುಕಾರರು ಕುರ್ಚಿ ಕೇಳಿದರು.

"ಕುರ್ಚಿ ಇಲ್ಲ. ಬೂಟು ಬಿಚ್ಚಿ ಮಲಗಿ," ಎಂದ ತಾತ.

"ನಾನು ವ್ಯಾಪಾರ ಮಾತಾಡೋಕೆ ಬಂದಿರೋದು."

"ಮಲಗಿಯೇ ಮಾತಾಡಿ. ಇಲಾಖೆಯವರೂ ಮಲಗಿದ್ರು."

ಅವರು ಟೈ ಸಡಿಲಿಸಿ ಮಲಗಿದರು. ಅವರಿಗೆ ಸಿಕ್ಕಿದ್ದು ಚಿಕ್ಕಮ್ಮ ಆ ದಿನ ತುಂಬಿದ ಹೊಸ ಹಾಸಿಗೆ. ಮೊದಲು ಅವರ ಅಜ್ಜ ಅಂಗಡಿ ಇಟ್ಟ ಕತೆ ಬಂತು. ಆಮೇಲೆ ಅಪ್ಪ ಅದನ್ನು ಬೆಳೆಸಿದ ಕತೆ. ಉದ್ದಣ್ಣ ನಿದ್ದೆಗೆ ಜಾರಿದ. ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಕಾಲು ಹಾಕಿಕೊಂಡು ತಣ್ಣಗಾದರು. ತಾತನ ಗೊರಕೆ ಶುರುವಾಯಿತು.

ಸೂಜಿಯಕ್ಕ ತುಟಿ ಕಚ್ಚಿದಳು. ತೊಡೆ ಚಿವುಟಿಕೊಂಡಳು. ಮನಸ್ಸಿನಲ್ಲೇ ಮಗಳ ಮಗ್ಗಿ ಹೇಳತೊಡಗಿದಳು. ಆದರೆ ಮಗ್ಗಿ ಜೋಗುಳದ ಹಾಗೆ ತೂಗತೊಡಗಿದಾಗ ಹೆದರಿ ನಿಲ್ಲಿಸಿದಳು. ಕೊನೆಗೆ ದಿಂಬನ್ನು ಆಚೆ ಎಸೆದು, ಸೂಜಿಯನ್ನು ಬೆರಳಿಗೆ ಒತ್ತಿಹಿಡಿದಳು. ರೆಪ್ಪೆ ಮುಚ್ಚಿದಾಗಲೆಲ್ಲ ಒಂದು ಚುಚ್ಚು.

"ಹಾಗಾಗಿ ನನ್ನ ಸಲಹೆ ಏನಪ್ಪಾ ಅಂದ್ರೆ..." ಎಂದರು ಸಾಹುಕಾರರು. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟರು. ಆಮೇಲೆ ಇನ್ನೂ ದೀರ್ಘವಾಗಿ. ಮಾತು ಬರಲಿಲ್ಲ.

ಆ ದಿನ ಒಪ್ಪಿಗೆ ಕೇಳುವ ಸರದಿ ಚಿಕ್ಕಮ್ಮನದು. ಸೊಂಟನೋವಿಗೆ ನಿದ್ದೆ ಬಾರದ ಅವಳು ಕತ್ತೆತ್ತಿ ನೋಡಿದಳು. "ಮುಗೀತು ಅಂತ ಕಾಣುತ್ತೆ. ಬೇಡ ಅನ್ನೋರು ಏಳಿ."

ಸೂಜಿಯಕ್ಕ ಎದ್ದು ಕೂತಳು.

"ಏನೇ, ನೀರು ಬೇಕಾ?"

"ಬೇಡ ಅಂತ, ಚಿಕ್ಕಮ್ಮ."

"ನೀರಾ?"

"ಬೀಗ."

ಚಿಕ್ಕಮ್ಮ ಸೊಂಟ ಒತ್ತಿಕೊಂಡಳು. "ನಿನ್ನ ಮಗಳ ಚಿಂತೆ ನಿನಗೆ. ಸರಿ ಕಣೇ. ನನ್ನ ಸೊಂಟದ ಚಿಂತೆ ಯಾರಿಗೆ? ಯಂತ್ರ ಬರೋದಿತ್ತು."

ಸೂಜಿಯಕ್ಕನಿಗೆ ಪಿಚ್ಚೆನಿಸಿತು. ತನಗೆ ಈ ಕೆಲಸ ಕೊಡಿಸಿದ್ದೇ ಈ ಚಿಕ್ಕಮ್ಮ. ಸೂಜಿಯಕ್ಕ ಮಲಗಿದ್ದ ಸಾಹುಕಾರರನ್ನು ನೋಡಿದಳು. ಬಾಯಿ ತೆರೆದುಕೊಂಡು ಮಗುವಿನ ಹಾಗೆ ಬಿದ್ದುಕೊಂಡಿದ್ದರು. ಒಂದು ಕಾಲುಚೀಲ ತೂತಾಗಿತ್ತು.

"ಯಂತ್ರ ಇವರ ಹತ್ರ ಇದೆಯಲ್ಲ," ಎಂದಳು ಮೆಲ್ಲಗೆ, ಮತ್ತೆ ಮಲಗುತ್ತ. "ಇವರನ್ನೂ ನಮ್ಮ ಜೊತೆ ಸೇರಿಸ್ಕೊಳ್ಳೋಣ. ಎಲ್ಲರ ಹಾಗೆ ಸಮಪಾಲು, ಎಲ್ಲರ ಹಾಗೆ ಸರದಿ ಕೆಲಸ. ಬರುವಾಗ ಯಂತ್ರ ತರಲಿ."

ಚಿಕ್ಕಮ್ಮನ ಮುಖ ಅರಳಿತು. ಗಂಟಲು ಸರಿಮಾಡಿಕೊಂಡು, ಯಾರಿಗೂ ಎಚ್ಚರವಾಗದಷ್ಟು ಗಟ್ಟಿಯಾಗಿ ಕೇಳಿದಳು: "ಬೇಡ ಅನ್ನೋರು ಏಳಿ."

ಯಾರೂ ಏಳಲಿಲ್ಲ. ಸಾಹುಕಾರರು ಮಗ್ಗುಲು ಬದಲಿಸಿದರು.

ಎಲ್ಲರೂ ಎದ್ದ ಮೇಲೆ ಚಿಕ್ಕಮ್ಮ ತೀರ್ಮಾನ ತಿಳಿಸಿದಾಗ ಸಾಹುಕಾರರು ಕೂಗಾಡಿದ್ದೇನೋ ನಿಜ. "ನಾನೆಲ್ಲಿ ಒಪ್ಪಿದೆ? ಇದು ಯಾವ ಕಾನೂನು?"

"ಕಾನೂನಲ್ಲ ಸ್ವಾಮಿ, ಒಪ್ಪಂದ," ಎಂದ ತಾತ ಕಣ್ಣುಜ್ಜಿಕೊಳ್ಳುತ್ತ. "ಬೇಡ ಅಂತಿದ್ರೆ ಏಳಬೇಕಿತ್ತು. ಗುರುವಾರ ಹತ್ತಿ ಹಿಂಜೋ ಸರದಿ ನಿಮ್ಮದು."

ಅವರು ಗುರುವಾರ ಬರಲಿಲ್ಲ, ಶುಕ್ರವಾರ ಬಂದರು. ಹಿಂದೆ ವ್ಯಾನಿನಲ್ಲಿ ಯಂತ್ರ. ಗೋದಾಮಿನಲ್ಲಿ ಸುಮ್ಮನೆ ಬಿದ್ದಿತ್ತು, ಜಾಗ ತಿನ್ನುತ್ತಿತ್ತು ಎಂದು ಯಾರೂ ಕೇಳದಿದ್ದರೂ ಹೇಳಿದರು. ಎಷ್ಟೋ ವರ್ಷಗಳ ಮೇಲೆ ಅಂದು ನಿದ್ದೆ ಬಂದಿತ್ತು ಎಂದು ಚಿಕ್ಕಮ್ಮನಿಗೆ ಮಾತ್ರ ಹೇಳಿದರಂತೆ. ತಡವಾಗಿ ಬಂದದ್ದಕ್ಕೆ ಅವರನ್ನು ಯಾರೂ ಬೈಯಲಿಲ್ಲ. ಬೈಯುವ ಹಕ್ಕು ಯಾರದು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಮೊದಲ ಸಭೆಯಲ್ಲೇ ಅವರು, "ಗೇಟಿಗೆ ಒಂದು ಬೀಗ..." ಎಂದು ಶುರುಮಾಡಿದರು. ಸೂಜಿಯಕ್ಕ ಅವರ ಮಾತು ಪೂರ್ತಿ ಕೇಳಿ, ಎದ್ದು ಕೂತಳು. ಮರುದಿನ ಸಣ್ಣ ಬೀಗ ಎಂದರು. ಮತ್ತೆ ಎದ್ದು ಕೂತಳು. ಅಷ್ಟರಲ್ಲಿ ಶಾಲೆ ಬಿಡುವ ಹೊತ್ತಾಯಿತು. ಅವಳು ಸೂಜಿ ಚುಚ್ಚಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು.

"ನಾನು ಮಗಳನ್ನ ಕರ್ಕೊಂಡು ಬರೋವರೆಗೂ ಯಾರೂ ಯಾವ ಮಾತೂ ಎತ್ತಬಾರದು. ಬೇಡ ಅನ್ನೋರು ಏಳಿ."

ಎಲ್ಲರೂ ಮಲಗಿಯೇ ಇದ್ದರು. ಸಾಹುಕಾರರಂತೂ ಹೊದಿಕೆಯನ್ನು ಮುಖದವರೆಗೂ ಎಳೆದುಕೊಂಡರು.