ಹತ್ತು ಗಂಟೆಗೆ ಸುತ್ತಿದ ಪೇಟ

ನೀಲಕಂಠಸ್ವಾಮಿಗೆ ಆ ದಿನದ ಮೊದಲ ದಿಗಿಲು ಹುಟ್ಟಿದ್ದು ಚಾಮರಾಜನಗರದ ರೈಲು ನಿಲ್ದಾಣದಲ್ಲೇ. ಮೈಸೂರಿನ ಗಾಡಿಯಿಂದ ಇಳಿದ ಡೆನ್ಮಾರ್ಕ್ ದೇಶದ ಎಂಟು ಜನ ವಿದ್ಯಾರ್ಥಿಗಳಲ್ಲಿ ಮೂವರು ಹುಡುಗಿಯರು, ಮೂವರೂ ಷರಾಯಿ ತೊಟ್ಟಿದ್ದರು. ಅದು ೧೯೫೭ನೇ ಇಸವಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ಟಿಕೆಟು ಪಡೆಯುವವನು ಕೈಗೆ ಬಂದ ಟಿಕೆಟುಗಳನ್ನು ಮರೆತು ಅವರ ಕಾಲನ್ನೇ ನೋಡುತ್ತ ನಿಂತ. ಊರಿಗೆ ಊರೇ ಹೀಗೆ ನಿಂತರೆ ನನ್ನ ಗತಿಯೇನು ಎಂದು ನೀಲಕಂಠಸ್ವಾಮಿ ಬೆವರಿದ.

ಗುಂಡ್ಲುಪೇಟೆಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದುದೇ ಅವನಿಗೆ ಈ ಕೆಲಸ ತಂದಿತ್ತು. ಅಮಲ್ದಾರರು ಕರೆಸಿ, ಪರದೇಶದ ಮಕ್ಕಳಿಗೆ ಒಂದು ದಿನ ನಮ್ಮ ಸೀಮೆ ತೋರಿಸಿ, ಸಂಜೆ ಆರರ ರೈಲಿಗೆ ಹತ್ತಿಸಿಬಿಡಿ ಎಂದಿದ್ದರು. ಒಲ್ಲೆ ಎನ್ನುವ ಆಸಾಮಿ ಅವನಲ್ಲ. ಮೂರು ರಾತ್ರಿ ಕೂತು ದಿನದ ಪಟ್ಟಿ ಬರೆದ. ಗುಡಿ, ಸಂತೆ, ಶಾಲೆ, ಸನ್ಮಾನ, ಬೆಟ್ಟದ ನೋಟ, ಎಲ್ಲಕ್ಕೂ ಗಂಟೆ ನಿಮಿಷ ಹಾಕಿದ.

ಸುದ್ದಿ ಕೇಳಿ ಅವನಿಗಿಂತ ಹೆಚ್ಚು ಹಿಗ್ಗಿದವನು ತೆರಕಣಾಂಬಿಯಲ್ಲಿದ್ದ ಸೋದರಮಾವ ಪುಟ್ಟಮಲ್ಲಪ್ಪ. ಅಪ್ಪನಿಲ್ಲದ ನೀಲಕಂಠನನ್ನು ಸಾಕಿದವನು ಅವನೇ. ಹುಡುಗ ಚಾಮರಾಜನಗರದ ಹಾಸ್ಟೆಲಿನಲ್ಲಿದ್ದಷ್ಟು ವರ್ಷವೂ ಪ್ರತಿ ಸೋಮವಾರ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟು ಹೊತ್ತು ಬಂದು ಗೇಟಿನ ಹತ್ತಿರ ನಿಲ್ಲುತ್ತಿದ್ದ. ಈಗ ಎಪ್ಪತ್ತು ದಾಟಿತ್ತು. ಒಮ್ಮೆಯೂ ಪಟ ತೆಗೆಸಿಕೊಂಡವನಲ್ಲ.

"ಅವ್ರ ತಾವ ಪಟ ತೆಗ್ಯೋ ಪೆಟ್ಗೆ ಇದ್ದದೇನ್ಲಾ?" ಎಂದು ಹಿಂದಿನ ವಾರವೇ ಕೇಳಿದ್ದ.

"ಇರ್ತದೆ ಮಾವ."

"ಹಂಗಾರೆ ನಮ್ಮನೆಗೇ ಮೊದ್ಲು ಕರ್ಕಂಡ್ ಬಾ. ಹೊಸ ಪೇಟ ಸುತ್ಕಂಡು ಜಗಲಿ ಮ್ಯಾಲೆ ಕೂತಿರ್ತೀನಿ. ತಮಟೆ, ಓಲಗ ಎಲ್ಲಾ ಏಳ್ಬುಟ್ಟಿವ್ನಿ. ನಂದೊಂದು ಪಟ ಗ್ವಾಡೆ ಮ್ಯಾಲಿರ್ಲಿ, ಇನ್ನೊಂದು ಅವ್ರ ದೇಶಕ್ಕೋಗ್ಲಿ. ಎಷ್ಟೊತ್ಗೆ ಬತ್ತೀಯೆ?"

"ಹತ್ತು ಗಂಟೆಗೆ," ಎಂದು ನೀಲಕಂಠಸ್ವಾಮಿ ಮಾತು ಕೊಟ್ಟಿದ್ದ.

ಬೋರಯ್ಯನ ಬಾಡಿಗೆ ಬಸ್ಸು ಚಾಮರಾಜನಗರದ ಗುಡಿ ಮುಗಿಸಿ ತೆರಕಣಾಂಬಿ ತಲುಪಿದಾಗ ಹತ್ತೂಕಾಲು. ಮಾವನ ಮನೆ ಹಿಂದಿನ ಬೀದಿಯಲ್ಲಿತ್ತು, ರಸ್ತೆಗೆ ಕಾಣುತ್ತಿರಲಿಲ್ಲ. ಇಳಿದರೆ ಪಾಯಸ, ಅದಾದ ಮೇಲೆ ಮಾವನ ಪುರಾಣ, ಎರಡು ಗಂಟೆಗೆ ಮೊದಲು ಬಿಡುಗಡೆಯಿಲ್ಲ. ಅತ್ತ ಗುಂಡ್ಲುಪೇಟೆಯಲ್ಲಿ ಅಮಲ್ದಾರರು ಹಾರ ಹಿಡಿದು ಕಾಯುತ್ತಿದ್ದರು. ಇದಿಷ್ಟೇ ಆಗಿದ್ದರೆ ಮಾತು ಬೇರೆ. ನಿಜ ಹೇಳಬೇಕೆಂದರೆ ಅವನಿಗೆ ನಾಚಿಕೆಯೂ ಇತ್ತು. ಎಲೆಅಡಿಕೆ ಉಗಿದ ಮೂಲೆ, ಕೊಟ್ಟಿಗೆಯ ವಾಸನೆ, ಮಾವನ ಬೊಚ್ಚು ಬಾಯಿಯ ನಗು, ಇವೇ ಈ ಬಿಳಿಯ ಮಕ್ಕಳು ಮೊದಲು ನೋಡುವ ನಮ್ಮ ಸಂಸ್ಕೃತಿಯಾಗಬೇಕೇ ಎಂದುಕೊಂಡ.

"ನಿಲ್ಲಿಸ್ಲಾ ಮೇಷ್ಟ್ರೇ?" ಬೋರಯ್ಯ ಕೇಳಿದ.

"ಬೇಡ, ಹೋಗು. ವಾಪಸ್ ಬರೋವಾಗ ನೋಡನ."

ಬೋರಯ್ಯ ಒಮ್ಮೆ ಹಾರನ್ ಒತ್ತಿ ಮುಂದೆ ಹೊಡೆದ.

ಗುಂಡ್ಲುಪೇಟೆಯಲ್ಲಿ ಬೆಚ್ಚಿಬೀಳುವುದಕ್ಕೆ ಬರವಿರಲಿಲ್ಲ. ಕಾರೆನ್ ಎಂಬ ಉದ್ದನೆಯ ಹುಡುಗಿ ಸಂತೆಯ ಈರುಳ್ಳಿ ರಾಶಿಯಿಂದ ಒಂದನ್ನೆತ್ತಿ, ಸಿಪ್ಪೆ ಸುಲಿದು, ಸೀಬೆಹಣ್ಣು ತಿನ್ನುವಂತೆ ಕಚ್ಚಿ ತಿಂದಳು. ಕೇರಳದ ಲಾರಿಯವರು ಮೂಟೆ ಹೊರುವುದನ್ನು ಬಿಟ್ಟು ಸುತ್ತ ನೆರೆದರು. ಸನ್ಮಾನದಲ್ಲಿ ಹಾರ ಹಾಕಿಸಿಕೊಂಡ ಹುಡುಗನೊಬ್ಬ ಸಂತೋಷ ತಡೆಯಲಾರದೆ ಅಮಲ್ದಾರರನ್ನು ತಬ್ಬಿಕೊಂಡಾಗ ಜವಾನ ಬೆತ್ತ ಎತ್ತಿಕೊಂಡು ಓಡಿಬಂದ. ಎಲ್ಲವನ್ನೂ ನೀಲಕಂಠಸ್ವಾಮಿ ಅತ್ತ ಇಂಗ್ಲಿಷಿನಲ್ಲಿ, ಇತ್ತ ಕನ್ನಡದಲ್ಲಿ ತೇಪೆ ಹಾಕಿ ಸರಿಮಾಡಿದ. ಊಟವಾದ ಮೇಲೆ ವಿಜಯನಾರಾಯಣನ ಗುಡಿ ತೋರಿಸಿ, ಗೋಪಾಲಸ್ವಾಮಿ ಬೆಟ್ಟ ಚೆನ್ನಾಗಿ ಕಾಣುವ ಕಡೆಗೆ ಬಸ್ಸು ಹೊಡೆಸಿದ. ಅಲ್ಲಿಂದ ಹಿಂತಿರುಗುವಾಗ ಬಾಯಿ ಒಣಗಿತ್ತು, ಎದೆ ಉಬ್ಬಿತ್ತು. ಇನ್ನು ಮಾವನೊಬ್ಬನನ್ನು ಸಮಾಧಾನ ಮಾಡಿದರೆ ದಿನ ಗೆದ್ದಂತೆ.

ತೆರಕಣಾಂಬಿಯಲ್ಲಿ ಇಳಿದಾಗ ನಾಲ್ಕು ಗಂಟೆ. ಬೀದಿ ತಿರುಗುವ ಮೊದಲೇ ತಮಟೆ ಕೇಳಿಸಿತು, ಜೊತೆಗೆ ಓಲಗ. ಹೇಳಿದ್ದನ್ನು ಮಾಡಿಯೇಬಿಟ್ಟ ಮುದುಕ ಎಂದು ನೀಲಕಂಠಸ್ವಾಮಿಗೆ ನಗು ಬಂತು. ಇಷ್ಟು ಹೊತ್ತು ಕಾಯಿಸಿದೆನಲ್ಲ ಎಂದು ಸ್ವಲ್ಪ ಚುರುಕ್ ಅಂದಿತು ಕೂಡ.

ಮನೆಯ ಮುಂದೆ ಜನ ತುಂಬಿದ್ದರು. ಬಿಳಿಯರನ್ನು ಕಂಡದ್ದೇ ತಮಟೆ ನಿಂತಿತು, ಓಲಗವೂ ನಿಂತಿತು. ಜನ ಎರಡು ಕಡೆಗೂ ಸರಿದು ದಾರಿ ಬಿಟ್ಟರು. ಪಕ್ಕದ ಮನೆಯ ಚಿಕ್ಕಬಸವಯ್ಯ, "ಬಂದ್ಯಾಪ್ಪಾ," ಎಂದು ತಾನೂ ಸರಿದ. ಜಗಲಿಯ ಮೇಲೆ, ಗೋಡೆಗೆ ಒರಗಿ, ಪುಟ್ಟಮಲ್ಲಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದ. ತಲೆಗೆ ಕೆಂಪಂಚಿನ ಹೊಸ ಪೇಟ, ಹಣೆಯ ತುಂಬ ವಿಭೂತಿ, ಗದ್ದದವರೆಗೂ ಹೂವಿನ ಹಾರ. ಮುನಿಸಿಕೊಂಡಾಗ ಹಾಗೆಯೇ ಕಣ್ಣು ಮುಚ್ಚಿ ಕೂರುವುದು ಅವನ ಅಭ್ಯಾಸ.

"ಇವರು ನನ್ನ ಸೋದರಮಾವ," ಎಂದು ನೀಲಕಂಠಸ್ವಾಮಿ ಇಂಗ್ಲಿಷಿನಲ್ಲಿ ಹೇಳಿದ. "ಬೆಳಗಿನಿಂದ ನಿಮಗಾಗಿ ಕಾದಿದ್ದಾರೆ. ಹೋಗಿ, ಕೈ ಕುಲುಕಿ. ತುಂಬ ಸಂತೋಷಪಡುತ್ತಾರೆ."

ಕಾರೆನ್ ಮುಂದೆ ಹೋದಳು. ಗುಂಡ್ಲುಪೇಟೆಯಲ್ಲಿ ತನಗೆ ಹಾಕಿದ್ದ ಹಾರವನ್ನು ತೆಗೆದು ಮುದುಕನ ಕೊರಳಿಗೆ ಹಾಕಿದಳು. ಬಾಗಿ ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಅವಳ ಹಿಂದಿದ್ದ ಹುಡುಗ ಕ್ಯಾಮರಾ ಎತ್ತಿ ಕಣ್ಣಿಗಿಟ್ಟ. ಜನರ ನಡುವೆ ಯಾರೋ "ಶಿವಶಿವಾ" ಎಂದರು.

ಕಾರೆನ್ ತಿರುಗಿ ನೋಡಿದಳು. "ಇವರ ಕೈ ತುಂಬ ತಣ್ಣಗಿದೆ," ಎಂದಳು.

ಆಗ ನೀಲಕಂಠಸ್ವಾಮಿ ಎರಡು ಹೆಜ್ಜೆ ಹತ್ತಿರ ಬಂದ. ಹಾರದ ಸಂದಿಯಲ್ಲಿ, ಗದ್ದದಡಿಯಿಂದ ಪೇಟದೊಳಕ್ಕೆ ಬಿಗಿದು ಕಟ್ಟಿದ ಬಿಳಿಯ ಬಟ್ಟೆ ಕಂಡಿತು. ಎಡಗೈಯ ಮೇಲೆ ಲಿಂಗವಿತ್ತು.

ಅವನಿಗೆ ತಿಳಿಯದ್ದೇನಲ್ಲ. ಲಿಂಗಾಯತರ ಮನೆಯಲ್ಲಿ ಹುಟ್ಟಿದವನು. ತಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಬದುಕಿದ್ದವರ ಹಾಗೆ ಸಿಂಗರಿಸಿ ಕೂರಿಸುತ್ತಾರೆ, ಕೂರಿಸಿಯೇ ಮಣ್ಣಿಗಿಡುತ್ತಾರೆ ಎಂಬುದನ್ನು ಚಿಕ್ಕಂದಿನಿಂದ ಕಂಡವನು. ಕಂಡವನೇ ನಿಂತು, ಊರಿಗೆ ಊರೇ ನೋಡುತ್ತಿರುವಾಗ, ಮಾವನ ಹೆಣಕ್ಕೆ ಕೈ ಕುಲುಕಿಸಿದ್ದ. ಜಗಲಿಯ ಕಂಬ ಹಿಡಿದುಕೊಂಡ.

"ಸೈಕಲ್ ಮ್ಯಾಲೆ ಆಳು ಕಳಿಸಿದ್ವಲ್ಲ, ಸಿಕ್ನಿಲ್ವಾ?" ಚಿಕ್ಕಬಸವಯ್ಯ ಕೇಳಿದ. ಬೆಟ್ಟ ನೋಡಲು ಹೋದವರು ಆಳಿಗೆ ಎಲ್ಲಿಂದ ಸಿಗಬೇಕು?

ಕಾರೆನ್‌ಗೆ ಯಾರೂ ಹೇಳಬೇಕಾಗಲಿಲ್ಲ. ಅವಳ ಮುಖ ಸುಣ್ಣವಾಗಿತ್ತು. ಹಿಡಿದ ಕೈಯನ್ನು ಬಿಡುವುದೋ ಬೇಡವೋ ತಿಳಿಯದೆ ಹಾಗೇ ಹಿಡಿದುಕೊಂಡಿದ್ದಳು. ಹುಡುಗ ಕ್ಯಾಮರಾ ಇಳಿಸಿದ.

ಒಳಗಿನಿಂದ ಅತ್ತೆ ದೊಡ್ಡಮಲ್ಲಮ್ಮ ಹೊರಗೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ಬೈದಿದ್ದರೆ, ಹೊಡೆದಿದ್ದರೆ ನೀಲಕಂಠಸ್ವಾಮಿಗೆ ಎಷ್ಟೋ ಹಗುರಾಗುತ್ತಿತ್ತು.

"ಅತ್ತೆ, ಯಾವಾಗ... ಯಾವಾಗ ತಂದು ಕೂರಿಸಿದ್ರಿ?" ಎಂದು ತೊದಲಿದ.

"ನಾವ್ಯಾರೂ ತಂದು ಕೂರುಸ್ನಿಲ್ಲ ಕಣಪ್ಪ," ಎಂದಳು ಅತ್ತೆ. "ಹತ್ತು ಗಂಟ್ಗೆ ಅವ್ರೇ ಪೇಟ ಸುತ್ಕಂಡು ಬಂದು ಕೂತ್ಕಂಡ್ರು. ಮೋಟ್ರು ಸದ್ದಾಯ್ತು. ಬಂದ ನೋಡು ನೀಲಕಂಠ ಅಂದ್ರು. ಅದು ಮುಂದ್ಕೆ ಒಂಟೋಯ್ತು. ಏನೋ ಕೆಲ್ಸ ಇದ್ದದು, ತಿರ್ಗಿ ಬತ್ತಾನೆ ಬುಡು ಅಂದ್ರು. ಊಟಕ್ಕೆ ಏಳಿ ಅಂದ್ರೆ ಏಳ್ನಿಲ್ಲ, ಪೇಟ ಕೆಡ್ತದೆ ಅಂದ್ರು. ಒಂದ್ಗಂಟೆ ಒತ್ನಲ್ಲಿ ಮಜ್ಜಿಗೆ ತಕ್ಕಂಡ್ ಬಂದು ನೋಡ್ತೀನಿ, ಇಂಗೇ ಒರಗವ್ರೆ. ಅಯ್ಯನೋರು ಬಂದು ಇಬೂತಿ ಇಟ್ರು, ಗದ್ದ ಕಟ್ಟುದ್ರು. ಪೇಟ ಯಾರೂ ಮುಟ್ನಿಲ್ಲ."

ಅತ್ತೆ ಕಾರೆನ್ ಹಾಕಿದ ಹಾರವನ್ನು ಸ್ವಲ್ಪ ಕೆಳಗೆಳೆದು ಗಂಡನ ಮುಖ ಕಾಣುವಂತೆ ಮಾಡಿದಳು. ಹೆಗಲ ಮೇಲಿನ ವಲ್ಲಿಯ ಸುಕ್ಕನ್ನು ಕೈಯಿಂದ ತೀಡಿದಳು.

"ಪಟ ತೆಗಿ ಅಂತ ಆ ಮಗೀಗೆ ಏಳಪ್ಪ," ಎಂದಳು. "ಅದ್ಕೇ ಅಲ್ವಾ ಅವ್ರು ಕೂತಿರೋದು."

ಬೆಳಗಿನಿಂದ ಗುಡಿಗೋಪುರದ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದ್ದವನು ಈಗ ಕ್ಯಾಮರಾದ ಕಡೆಗೆ ಕೈ ತೋರಿಸಿದ, ಮಾವನ ಕಡೆಗೆ ಕೈ ತೋರಿಸಿದ. ಹುಡುಗ ಮತ್ತೆ ಕ್ಯಾಮರಾ ಎತ್ತಿದ. ನೀಲಕಂಠಸ್ವಾಮಿ ಮಾವನ ಪಕ್ಕಕ್ಕೆ ಹೋಗಿ ಜಗಲಿಯ ಮೇಲೆ ಕೂತುಕೊಂಡ.