ಅನಂತರಾಮು ಅವರ ಕೊನೆಯ ಸಾಲು

ಅನಂತರಾಮು ಅವರ ಕೈಗೆ ಸಿಕ್ಕ ಯಾವ ನಾಮಪದವೂ ಇಂದಿನವರೆಗೆ ವಿಶೇಷಣದ ಹೊದಿಕೆಯಿಲ್ಲದೆ ಬರಿಮೈಯಲ್ಲಿ ಬೀದಿಗಿಳಿದದ್ದಿಲ್ಲ. ದರ್ಶಿನಿಯಲ್ಲಿ ಅವರು ಕೇಳುವುದು ‘ಹದವಾದ, ಹಬೆಯಾಡುವ, ಮಿತಸಕ್ಕರೆಯ’ ಕಾಫಿ. ಆಟೋದವನಿಗೆ ಹೇಳುವುದು ‘ಜಯನಗರದ ಆ ಪುರಾತನ, ಸುಪ್ರಸಿದ್ಧ, ಜನನಿಬಿಡ ಕಾಂಪ್ಲೆಕ್ಸಿನ ಹಿಂಬದಿ’. ಆತ “ಫೋರ್ತ್ ಬ್ಲಾಕ್ ತಾನೆ? ಹತ್ತಿ ಸಾರ್” ಎಂದು ಆ ಶೋಭೆಯನ್ನೆಲ್ಲ ಒಂದೇ ಏಟಿಗೆ ಕೊಡವಿಹಾಕಿದಾಗ, ಅಲಂಕರಿಸಿ ಕಳಿಸಿದ ಮಗುವಿನ ತಲೆಯಿಂದ ಯಾರೋ ಹೂ ಕಿತ್ತುಕೊಂಡಷ್ಟು ಸಂಕಟಪಡುತ್ತಾರೆ.

ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು ನಿವೃತ್ತರಾದ ಅವರು ಈಗ ಜಯನಗರದ ಪುಟ್ಟ ಉದ್ಯೋಗ ಏಜೆನ್ಸಿಯೊಂದರಲ್ಲಿ ಕಂಪನಿಗಳ ಪರವಾಗಿ ‘ಬೇಕಾಗಿದ್ದಾರೆ’ ಜಾಹೀರಾತುಗಳನ್ನು ರಚಿಸುತ್ತಾರೆ. ‘ಬರೆಯುತ್ತಾರೆ’ ಎಂದರೆ ಅವರಿಗೆ ಬೇಸರ. ಕಚೇರಿಯಿರುವುದು ಔಷಧಿ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ, ಲಿಫ್ಟಿಲ್ಲ. ಹಿತ್ತಾಳೆ ಗುಂಡಿಯ ಕಡುನೀಲಿ ಕೋಟು ತೊಟ್ಟು, ಮಂಡಿನೋವಿನ ದೆಸೆಯಿಂದ ಏಡಿಯ ಹಾಗೆ ಅಡ್ಡಡ್ಡಲಾಗಿ ಮೆಟ್ಟಿಲು ಹತ್ತುವ ಅವರಿಗೆ, ಏದುಸಿರನ್ನು ಆಲೋಚನೆಯಂತೆ ತೋರಿಸುವ ಕಲೆ ಸಿದ್ಧಿಸಿದೆ. “ಏನ್ ಸಾರ್, ಸುಸ್ತಾಯ್ತಾ?” ಎಂದು ಅಂಗಡಿಯವನು ಕೇಳಿದರೆ, “ಇಲ್ಲಪ್ಪ, ಮನಸ್ಸಲ್ಲೇ ಒಂದು ವಾಕ್ಯ ತಿದ್ತಾ ಇದ್ದೆ” ಎನ್ನುತ್ತಾರೆ.

ಬನಶಂಕರಿಯ ತಮ್ಮ ಅಪಾರ್ಟ್‌ಮೆಂಟಿಗೂ ಅವರೇ ಕಾರ್ಯದರ್ಶಿ. ಒಮ್ಮೆ ಸಂಪು ತೊಳೆಯುವ ದಿನ ನೀರಿರುವುದಿಲ್ಲವೆಂದು ಸೂಚನೆ ಹಾಕಬೇಕಾಗಿತ್ತು. ಅನಂತರಾಮು ಅವರು ಜಲವೆಂಬ ಪಂಚಭೂತದಿಂದ ಆರಂಭಿಸಿ, ನೆರೆಹೊರೆಯ ಸೌಹಾರ್ದವನ್ನು ಹಾದು, ಮೂರನೆಯ ಪ್ಯಾರಾದಲ್ಲಿ ವಿಷಯಕ್ಕೆ ಬಂದರು. ಮರುದಿನ ಅರ್ಧ ಕಟ್ಟಡ ತಲೆತುಂಬ ಸೋಪು ಹಚ್ಚಿಕೊಂಡು ಕಣ್ಣುಮುಚ್ಚಿ ನಿಂತಿತ್ತು. ಅವತ್ತು ಬಾಗಿಲು ಬಡಿದವರಿಗೆಲ್ಲ ತಾವು ಹಿಡಿದಿಟ್ಟಿದ್ದ ಬಕೆಟ್ ನೀರನ್ನು ಎತ್ತಿಕೊಟ್ಟು ತಾವು ಸ್ನಾನವಿಲ್ಲದೆ ಕಚೇರಿಗೆ ಹೋದವರೂ ಅವರೇ. ಅವರ ಗದ್ಯದಿಂದ ಆಗುವ ಅನಾಹುತಕ್ಕೆ ಅವರ ಹೃದಯ ಹೀಗೆ ಹಿಂದಿನಿಂದ ಓಡಿಬಂದು ದಂಡ ಕಟ್ಟುತ್ತದೆ.

ಅವರ ಎಲ್ಲ ರಚನೆಗಳ ಕಿರೀಟವೆಂದರೆ ಕೊನೆಯ ಸಾಲು. ಜಾಹೀರಾತು ಇಂಗ್ಲಿಷಿನಲ್ಲಿದ್ದರೂ ಆ ಸಾಲಿನ ಠೀವಿ ಯಾವ ಭಾಷೆಗಾದರೂ ದಾಟುವಂಥದ್ದು: ‘ಅಭ್ಯರ್ಥಿಯು ದೃಢಕಾಯನೂ, ಚುರುಕುನಡೆಯವನೂ, ಯಾವುದೇ ಬಗೆಯ ಅಂಗವೈಕಲ್ಯವಿಲ್ಲದವನೂ ಆಗಿರತಕ್ಕದ್ದು.’ ಹಿಂದೆ ಕಾರ್ಖಾನೆಯ ಅಗ್ನಿಶಾಮಕ ದಳಕ್ಕೆ ಜನ ಬೇಕಾದಾಗ ಹುಟ್ಟಿದ ಸಾಲು ಅದು. ಮ್ಯಾನೇಜರು ಓದಿ, “ಏನ್ರೀ ಅನಂತರಾಮು, ಓದಿದೋರು ಎದ್ದು ಸೆಲ್ಯೂಟ್ ಹೊಡೀಬೇಕು, ಹಂಗಿದೆ!” ಎಂದಿದ್ದರು. ಬಾಳಿನಲ್ಲಿ ಮೇಲಧಿಕಾರಿಯಿಂದ ದೊರೆತ ಏಕೈಕ ಹೊಗಳಿಕೆಯನ್ನು ಯಾರು ತಾನೆ ಒಂದೇ ಸಲ ಬಳಸಿ ಬಿಸಾಡುತ್ತಾರೆ? ಅಂದಿನಿಂದ ಆ ಸಾಲು ಗುಮಾಸ್ತರಿಗೂ ಅಂಟಿತು, ಲೆಕ್ಕಿಗರಿಗೂ ಅಂಟಿತು. ಕಾಲ ಬದಲಾದಾಗ ಕಂಪ್ಯೂಟರಿನ ಮುಂದೆ ಕೂತೇ ದಿನ ಕಳೆಯುವ ಇಂಜಿನಿಯರುಗಳಿಗೂ ಅಂಟಿತು. ಏಜೆನ್ಸಿಯ ಒಡತಿ ವಿಮಲಾ ಒಮ್ಮೆ, “ಸಾರ್, ಕೋಡಿಂಗ್ ಮಾಡೋನಿಗೆ ಚುರುಕುನಡೆ ಯಾತಕ್ಕೆ?” ಎಂದು ಕೇಳಿದ್ದುಂಟು. “ಅದು ತೆಗೆದ್ರೆ ಬಾಲ ಕತ್ತರಿಸಿದ ನವಿಲಿನ ಹಾಗೆ ಕಾಣತ್ತಮ್ಮ” ಎಂದು ಅವರು ವಿಷಯ ಮುಗಿಸಿದ್ದರು.

ಹೀಗಿರಲು ಒಂದು ಮಧ್ಯಾಹ್ನ ಕಚೇರಿಗೆ ಫೋನು ಬಂತು. “ಸಾರ್, ಆ ಯುಪಿಎಸ್ ಕಂಪ್ನಿ ಆ್ಯಡ್ ಬರೆದೋರು ನೀವೇನಾ? ನಾನು ಕೆಳಗಡೆ ಮೆಡಿಕಲ್ಸ್ ಮುಂದೆ ಇದ್ದೀನಿ. ಮೆಟ್ಲು ಹತ್ತಕ್ಕಾಗಲ್ಲ, ನೀವೇ ಸ್ವಲ್ಪ ಬರ್ತೀರಾ?” ತಮ್ಮ ಬರಹವನ್ನು ಮೆಚ್ಚಿ ಓದುಗರೊಬ್ಬರು ಹುಡುಕಿಕೊಂಡು ಬಂದರೆಂದೇ ಭಾವಿಸಿ, ಕೋಟಿನ ಗುಂಡಿ ಹಾಕಿಕೊಂಡು ಅನಂತರಾಮು ಇಳಿದರು.

ಹಿಂಬದಿಗೆ ಎರಡು ಹೆಚ್ಚುವರಿ ಗಾಲಿ ಕೂಡಿಸಿದ ಸ್ಕೂಟರಿನ ಮೇಲೆ, ಪಕ್ಕಕ್ಕೆ ಊರುಗೋಲು ಸಿಕ್ಕಿಸಿಕೊಂಡು ಒಬ್ಬ ಹುಡುಗಿ ಕುಳಿತಿದ್ದಳು. ಹೆಸರು ಸಂಹಿತಾ, ಮನೆ ಬನಶಂಕರಿ ಪಕ್ಕದ ಶ್ರೀನಗರದಲ್ಲಿ, ಯುಪಿಎಸ್‌ಗಳ ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವುದೇ ವೃತ್ತಿ. ಅವಳಿದ್ದ ಕಂಪನಿ ತಿಂಗಳ ಕೊನೆಗೆ ಮುಚ್ಚಲಿತ್ತು.

“ಆ್ಯಡಲ್ಲಿ ಕೇಳಿರೋದೆಲ್ಲ ನಂಗೆ ಬರತ್ತೆ ಸಾರ್. ಕೊನೇ ಲೈನ್ ನೋಡಿ ನಿಂತ್ಬಿಟ್ಟೆ.”

“ಅಪ್ಲೈ ಮಾಡ್ಬೇಕಿತ್ತಮ್ಮ…”

“ಮಾಡಿ, ಇಂಟರ್‌ವ್ಯೂಗೆ ಹೋಗಿ, ಅವ್ರು ನನ್ನ ಮುಖ ಬಿಟ್ಟು ಕಾಲು ನೋಡಿ, ‘ಸಾರಿ ಮೇಡಂ’ ಅನ್ನೋದು ಎಷ್ಟೋ ಸಲ ಆಗಿದೆ. ವಾರದಿಂದ ಯೋಚ್ನೆ ಮಾಡ್ದೆ. ಈ ಸಲ ಮೊದ್ಲೇ ಕೇಳ್ಬಿಡೋಣ ಅಂತ ಬಂದೆ. ಬೋರ್ಡ್ ಡಿಸೈನ್ ಮಾಡಕ್ಕೆ ಕಾಲು ಎಲ್ಲಿ ಬೇಕಾಗತ್ತೆ ಸಾರ್?”

ಅನಂತರಾಮು ಕೋಟಿನ ಗುಂಡಿಯೊಂದನ್ನು ಬಿಚ್ಚಿ ಮತ್ತೆ ಹಾಕಿಕೊಂಡರು. “ಅದು… ಕಂಪ್ನಿಯವ್ರ ಕಂಡೀಷನ್ನಮ್ಮ, ನನ್ನ ಕೈಲೇನಿದೆ?” ಎಂದರು.

“ಹಾಗಾದ್ರೆ ಅವ್ರಿಗೇ ಫೋನ್ ಮಾಡಿ. ಸ್ಪೀಕರ್ ಹಾಕಿ.”

ಜೆ.ಪಿ. ನಗರದ ಆ ಕಂಪನಿಯ ಮಾಲೀಕ ಕೈಲಾಸ್ ಫೋನೆತ್ತಿದ. ಪ್ರಶ್ನೆ ಕೇಳಿ ಅವನಿಗೇ ಆಶ್ಚರ್ಯ. “ಯಾವ ಲೈನ್ ಸಾರ್? ಬೋರ್ಡ್ ಡಿಸೈನ್ ಗೊತ್ತಿರೋರು ಬೇಕು ಅಂದಿದ್ದೆ, ಅಷ್ಟೆ. ಕುಸ್ತಿಗೆ ಕರೀರಿ ಅಂದಿದ್ನಾ?”

“ನಿಮಗೆ ಕಳಿಸಿದ್ದೆ ಸಾರ್, ನೀವು ಓಕೆ ಅಂದ್ರಿ…”

“ಅಯ್ಯೋ, ನಿಮ್ಮ ಆ್ಯಡ್ ಕೊನೇವರ್ಗೂ ಯಾರು ಓದ್ತಾರೆ ಸಾರ್!”

ಲೇಖಕನೊಬ್ಬನಿಗೆ ಇದಕ್ಕಿಂತ ದೊಡ್ಡ ಏಟು ಬೀಳಲಾರದೆಂದು ಅವರು ಎಣಿಸುವಷ್ಟರಲ್ಲಿ ಸ್ಕೂಟರಿನ ಮೇಲಿಂದ ಮಾತು ಬಂತು: “ನಾವು ಓದ್ತೀವಿ ಸಾರ್. ಕೊನೆಯಿಂದಾನೇ ಶುರು ಮಾಡ್ತೀವಿ.”

ಅತ್ತ ಕೈಲಾಸ್ ಮೆಲ್ಲಗೆ, “ಮೇಡಂ, ನಿಜ್ವಾಗ್ಲೂ ಸಾರಿ. ಮೊನ್ನೆ ಬಂದಿದ್ರೆ ಆಗ್ತಿತ್ತು. ನಿನ್ನೆ ಒಬ್ರಿಗೆ ಆಫರ್ ಕೊಟ್ಬಿಟ್ವಿ” ಎಂದ. ಸಂಹಿತಾ “ಪರ್ವಾಗಿಲ್ಲ ಸಾರ್” ಎಂದಳು. ಆ ‘ಪರ್ವಾಗಿಲ್ಲ’ವನ್ನು ಅವಳು ಎಷ್ಟು ಸಲ ಹೇಳಿರಬೇಕೆಂಬುದು ಅದರ ನುಣುಪಿನಲ್ಲೇ ಗೊತ್ತಾಗುತ್ತಿತ್ತು.

ಮೇಲೆ ಬಂದ ಅನಂತರಾಮು ಚಾಲ್ತಿಯಲ್ಲಿದ್ದ ಜಾಹೀರಾತುಗಳಿಂದೆಲ್ಲ ಆ ಸಾಲನ್ನು ತೆಗೆಸಿದರು. ತೆಗೆದ ಜಾಗ ಬೋಳುಬೋಳಾಗಿ ಕಂಡು, ‘ವಿಕಲಚೇತನ ಬಂಧುಗಳಿಗೆ ಹೃತ್ಪೂರ್ವಕವಾದ, ಆದರಪೂರ್ವಕವಾದ, ಆತ್ಮೀಯ ಸುಸ್ವಾಗತ’ ಎಂದು ಹೊಸತೊಂದನ್ನು ರಚಿಸಿದರು. ವಿಮಲಾ ಅದನ್ನು ಅಳಿಸಿ, “ಅವ್ರು ಮದುವೆಗಲ್ಲ ಸಾರ್ ಬರೋದು, ಕೆಲ್ಸಕ್ಕೆ. ‘ವಿಕಲಚೇತನರೂ ಅರ್ಜಿ ಹಾಕಬಹುದು’ ಅಂದ್ರೆ ಸಾಕು” ಎಂದರು. ಅನಂತರಾಮು ಜಗಳವಾಡಲಿಲ್ಲ. ಆದರೆ ಮರುದಿನದಿಂದ, ಗೊತ್ತಿದ್ದ ಕಂಪನಿಗಳಿಗೆಲ್ಲ ಫೋನು ಮಾಡಿ ಸಂಹಿತಾಳ ಗುಣಗಾನಕ್ಕೆ ನಿಂತರು. ಆ ವರ್ಣನೆ ಕೇಳಿದ ಒಬ್ಬಾತ, “ಕೆಲ್ಸಕ್ಕೆ ಹೇಳ್ತಿದ್ದೀರೋ, ಹುಡುಗಿ ತೋರಿಸ್ತಿದ್ದೀರೋ?” ಎಂದು ಕೇಳಿದನಂತೆ. ಒಂದೂ ಫಲಿಸಲಿಲ್ಲ. ಕಡೆಗೆ ಅವಳೇ ಹುಡುಕಿಕೊಂಡು, ಬಿಟಿಎಂ ಲೇಔಟಿನ ಕಂಪನಿಯೊಂದರಲ್ಲಿ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಸಂಬಳಕ್ಕೆ ಸೇರಿದಳು. ‘ಕೆಲ್ಸ ಸಿಕ್ತು ಸಾರ್’ ಎಂದು ಬಂದ ಸಂದೇಶವನ್ನು ಅನಂತರಾಮು ಅವರು ಈಗಲೂ ಎದುರು ಸಿಕ್ಕವರಿಗೆಲ್ಲ ತೋರಿಸುತ್ತಾರೆ. ತೋರಿಸುವ ರೀತಿಯಲ್ಲಿ ಆ ಕೆಲಸ ತಾವೇ ಕೊಡಿಸಿದ್ದೆಂಬ ಛಾಯೆಯೂ ತಕ್ಕಮಟ್ಟಿಗೆ ಇರುತ್ತದೆ.

ಇಂಥವರ ಸಂಖ್ಯೆ ಲೋಕದಲ್ಲಿ ದೊಡ್ಡದು. ದ್ವೇಷದಿಂದ ಬಾಗಿಲು ಮುಚ್ಚಿದವನಿಗೆ ತಾನು ಮುಚ್ಚಿದ್ದು ಗೊತ್ತಿರುತ್ತದೆ. ಈ ಸಜ್ಜನರು ಅಂದಕ್ಕೆಂದು ಮುಚ್ಚಿ, ಮುಚ್ಚಿದ್ದನ್ನೇ ಮರೆತು ಒಳಗೆ ಹಾಯಾಗಿ ಕುಳಿತಿರುತ್ತಾರೆ. ಯಾರಾದರೂ ಕರೆದರೆ ಮಾತ್ರ ಪಾಪ, ಓಗೊಡುತ್ತಾರೆ, ನೊಂದುಕೊಳ್ಳುತ್ತಾರೆ, ತಿದ್ದಿಕೊಳ್ಳುತ್ತಾರೆ. ಅದಕ್ಕೇ ಅವರನ್ನು ಪ್ರೀತಿಸದಿರುವುದು ಕಷ್ಟ. ಆದರೆ ಒಬ್ಬ ಅನಂತರಾಮು ಹೀಗೆ ತಿದ್ದಿಕೊಳ್ಳಬೇಕಾದರೆ, ಒಬ್ಬ ಸಂಹಿತಾ ತನ್ನದಾಗಬಹುದಾಗಿದ್ದ ಒಂದು ಕೆಲಸವನ್ನೇ ಬೆಲೆಯಾಗಿ ತೆತ್ತಿರಬೇಕಾಗುತ್ತದೆ.